ಕತ್ತರಿ ಬಿದ್ದ ಖಣ

ನಮ್ಮ ಕಡೆ ಮನುಷ್ಯನಿಗೆ ಸಾವುಂಟು, ಎತ್ತಿಗೆ ಸಾವುಂಟು, ಆಯೇರಿ ಖಣಕ್ಕೆ ಮಾತ್ರ ಸಾವಿಲ್ಲ. ಈ ಮಾತನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಸದಲಗಾದಲ್ಲಿ ಮೈಕು ಸೆಟ್ಟು ಇಟ್ಟುಕೊಂಡು, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ಮದುವೆ ಮದುವೆ ತಿರುಗಿ, "ಇಂಥವರು ಹಂದರಕ್ಕ ಬಂದು ಆಯೇರಿ ಸ್ವೀಕಾರ ಮಾಡಬೇಕ್ರಿ" ಎಂದು ಹೆಸರು ಕೂಗಿ ಕೂಗಿ ಗಂಟಲು ಹರಿದುಕೊಂಡವನು ನಾನು, ಜ್ಞಾನದೇವ. ಆಯೇರಿ ಎಂದರೆ ಮದುವೆಯ ಉಡುಗೊರೆ. ಗಂಡಸರಿಗೆ ಟಾವೆಲ್ಲು, ಟೋಪಿ, ತೆಂಗಿನಕಾಯಿ. ಹೆಂಗಸರಿಗೆ ಉಡಿಯಲ್ಲಿ ಅಕ್ಕಿ, ಕಾಯಿ, ಮೇಲೊಂದು ಖಣ, ಅಂದರೆ ಕುಬಸದ ಬಟ್ಟೆ. ಕೊಟ್ಟ ಖಣವನ್ನು ಯಾವ ಹೆಣ್ಣುಮಗಳೂ ಬಿಚ್ಚಿ ನೋಡುವುದಿಲ್ಲ. ಮಡಿಕೆ ಮುರಿಯದೆ ಟ್ರಂಕು ಸೇರುತ್ತದೆ, ಮುಂದಿನ ಮದುವೆಗೆ ಇನ್ನೊಬ್ಬಳ ಉಡಿಗೆ ಬೀಳುತ್ತದೆ, ಅಲ್ಲಿಂದ ಮತ್ತೊಂದು ಟ್ರಂಕು. ಕಾಗವಾಡದ ಒಂದು ಮದುವೆಯಲ್ಲಿ ಹಸಿರು ಖಣವೊಂದನ್ನು ಕಂಡೆ, ಮೂಲೆಯಲ್ಲಿ ಎಣ್ಣೆಯ ಕಲೆ. ಅದೇ ಕಲೆಯನ್ನು ಹಿಂದೆ ನಿಪ್ಪಾಣಿಯಲ್ಲಿ ನೋಡಿದ್ದೆ! ಬಾಡಿಗೆ ಇಲ್ಲದೆ, ಊಟ ಇಲ್ಲದೆ, ನನಗಿಂತ ಹೆಚ್ಚು ಊರು ತಿರುಗಿತ್ತು ಆ ಖಣ.

ನನಗೆ ಈ ಖಣಗಳ ಮೇಲೆ ಬರೀ ಸಿಟ್ಟು. ನನ್ನ ಅಂಗಡಿಯ ಪಕ್ಕದ ಉಜ್ವಲಾಳಿಗೆ ಇದ್ದದ್ದು ಹಟ. ಸಿಟ್ಟಿನವರು ಮಾತಾಡಿ ಸುಮ್ಮನಾಗುತ್ತಾರೆ, ಹಟದವರು ಅಂಗಡಿ ತೆರೆಯುತ್ತಾರೆ. ಅವಳ ಕತೆ ಹೇಳುತ್ತೇನೆ ಕೇಳಿ.

ಉಜ್ವಲಾ ಕುರಿಯವರ ಮನೆಯ ಮಗಳು, ಕುರಿಯವರ ಮನೆಯ ಸೊಸೆ. ತವರು ರಾಯಬಾಗ ತಾಲೂಕಿನ ಸಣ್ಣ ಹಳ್ಳಿ. ಸಣ್ಣಾಕೆ ಇದ್ದಾಗ ಹಿಂಡಿನ ಹಿಂದೆ ಹೊಲದಿಂದ ಹೊಲಕ್ಕೆ ನಡೆದವಳು. ಕಬ್ಬು ಕಡಿದ ಹೊಲದವರು ಗೊಬ್ಬರಕ್ಕೆಂದು ಕುರಿ ಹಿಂಡನ್ನು ತರುಬಿ ನಿಲ್ಲಿಸಿಕೊಂಡರೆ ಇಡೀ ಸಂಸಾರ ಅಲ್ಲೇ ಬಿಡಾರ ಹೂಡುತ್ತಿತ್ತು. ಹರಿದ ಕಂಬಳಿಗೆ ದಬ್ಬಣದಿಂದ ಹೊಲಿಗೆ ಹಾಕುವುದು ಅವಳು ಕಲಿತ ಮೊದಲ ವಿದ್ಯೆ. ಹೊಳೆಯ ಈ ದಂಡೆಯಲ್ಲಿ ನಿಂತು ಆ ದಂಡೆಯ ಕುರಿಯನ್ನು ಕರೆದು ಬೆಳೆದ ಗಂಟಲು ನೋಡಿ, ಮೆಲ್ಲಗೆ ಮಾತಾಡುವುದು ಅವಳಿಗೆ ಗೊತ್ತೇ ಇಲ್ಲ. ನನ್ನ ಸ್ಪೀಕರು ಕೆಟ್ಟರೆ ಅವಳನ್ನು ಕೂರಿಸಿಕೊಂಡು ಹೋದರೆ ಸಾಕು, ಮದುವೆ ಆಗಿಹೋಗುತ್ತದೆ. ಸದಲಗಾದ ಬಾಳೇಶನಿಗೆ ಕೊಟ್ಟರು. ಬಾಳೇಶ, ಅವನ ಅಪ್ಪ ಮಾಳಸಿದ್ದ ಇಬ್ಬರೂ ವರ್ಷದ ಬಹುಪಾಲು ಕುರಿಯೊಂದಿಗೆ ಹೊರಗೇ. ಮನೆಯಲ್ಲಿ ಅತ್ತೆ ಸಾವಿತ್ರೆವ್ವ, ಸೊಸೆ ಉಜ್ವಲಾ. ಅತ್ತೆಗೆ ಮಾತು ಕಡಿಮೆ, ಸೊಸೆಗೆ ಹೆಚ್ಚು. ಆ ಲೆಕ್ಕದಲ್ಲಿ ಮನೆ ಸರಿಯಾಗಿ ನಡೆದಿತ್ತು. ಉಜ್ವಲಾ ಹಳೆಯ ಹೊಲಿಗೆ ಮಷೀನೊಂದನ್ನು ಕೊಂಡು ನನ್ನ ಪಕ್ಕದ ಗೂಡಿನಂಥ ಅಂಗಡಿಯಲ್ಲಿ ಕುಬಸ ಹೊಲಿಯಲು ಕುಳಿತಳು.

ಒಂದು ದಿನ ಸಾವಿತ್ರೆವ್ವ ಬೀಗರ ಮನೆಯ ಕಾರ್ಯಕ್ಕೆ ಹೊರಟಳು. ಮೈಮೇಲಿನ ಕುಬಸ ಬೆನ್ನಲ್ಲಿ ತೇಪೆ, ಕಂಕುಳಲ್ಲಿ ತೇಪೆ. ಹೊಲಿಗೆಯವಳ ಅತ್ತೆ ಹೀಗೆ ಹೋದರೆ ಜನ ಏನನ್ನಬೇಕು?

"ಅತ್ತೀ, ಟ್ರಂಕ್ ತುಂಬ ಖಣ ಅದಾವಲ್ರಿ. ಒಂದ ತಗೀರಿ, ಈಗ ಹೊಲದ ಕೊಡ್ತೇನಿ" ಎಂದಳು ಉಜ್ವಲಾ.

"ಏ, ಅವು ಕೊಡೂ ಖಣ ಬೇ. ತೊಡೂವಲ್ಲ."

ಉಜ್ವಲಾ ಕೇಳುವಳೇ? ಟ್ರಂಕು ಎಳೆದಳು. ಒಂದು ಖಣ ಮೇಜಿನ ಮೇಲೆ ಹಾಸಿ ನೋಡಿದಳು, ಬೆನ್ನಾದರೆ ತೋಳಿಲ್ಲ, ತೋಳಾದರೆ ಎದೆಯಿಲ್ಲ. ಇನ್ನೊಂದನ್ನು ನೀರಿಗೆ ಅದ್ದಿದಳು, ನೀರೆಲ್ಲ ಕೆಂಪು. ಮತ್ತೊಂದರಲ್ಲಿ ಚಹಾ ಸೋಸಬಹುದು, ಅಷ್ಟು ತೆಳು. ಟ್ರಂಕು ಬರಿದಾಯಿತು, ಒಂದು ಕುಬಸವೂ ಹುಟ್ಟಲಿಲ್ಲ. ಸಾವಿತ್ರೆವ್ವ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಅದೇ ತೇಪೆಯಲ್ಲಿ ಹೋದಳು.

ಉಜ್ವಲಾ ನೇರ ನನ್ನ ಅಂಗಡಿಗೆ ನುಗ್ಗಿದಳು. "ಜ್ಞಾನದೇವಣ್ಣಾ, ಹೆಂಗಸರಿಗೆ ಮಾನ ಅಂತ ಏನ್ ಕೊಡಾಕತ್ತಾರ ಗೊತ್ತೈತೇನು? ತೊಡಾಕ ಬರಲಾರದ ಅರಿವಿ! ಕೊಡಾಕಿಗೂ ಗೊತ್ತೈತಿ, ಇಸ್ಕೊಳ್ಳಾಕಿಗೂ ಗೊತ್ತೈತಿ, ಆದ್ರೂ ಇಬ್ಬರೂ ನಗ್ತಾರ. ಇದೇನ್ ಮಾನಾನೋ, ಮಸ್ಕಿರೀನೋ?"

"ಹೌದವಾ, ಅದಕ್ಕ ನೀ ಏನ್ ಮಾಡಾಕಿ?"

"ಖಣ ಮಾರಾಕಿ. ಹೊಲಿಸಾಕ ಬರೂ ಖಣ. ನಮ್ಮತ್ತಿಯಂಥಾಕಿ ಉಡಿಯಾಗ ಬಿದ್ದದ್ದು ಆಕಿ ಮೈಮ್ಯಾಲೆ ಕಾಣಬೇಕು. ಅದ ನನ್ನ ಧಂದೆ. ಅದು ಆಗಲಿಲ್ಲಂದ್ರ ಎಷ್ಟ ಮಾರಿದ್ರೂ ಅದು ಧಂದೆ ಅಲ್ಲ."

ಎಪ್ಪಾ! ನನಗೆ ಮೈ ಝುಮ್ಮೆಂದಿತು. ಮದುವೆ ಹಂದರದಲ್ಲಿ ಇಷ್ಟು ವರ್ಷ ನಿಂತವನಿಗೆ ಹೊಳೆಯದ ಮಾತು ಅದು.

ಮರುದಿನವೇ ನನ್ನ ಟೆಂಪೋದಲ್ಲಿ ದೂಧಗಂಗಾ ದಾಟಿ ಇಚಲಕರಂಜಿಗೆ ಹೊರಟೆವು. ಅಲ್ಲಿ ಬೀದಿ ಬೀದಿಯಲ್ಲಿ ಮಗ್ಗದ ಖಟಖಟ, ಪಕ್ಕದವರ ಮಾತು ಕೇಳುವುದಿಲ್ಲ. ನಮ್ಮ ಉಜ್ವಲಾಳ ಮಾತು ಮಾತ್ರ ಎಲ್ಲರಿಗೂ ಕೇಳಿತು. ಸಣ್ಣ ಮಗ್ಗದ ಶೆಡ್ಡಿನ ಧನಪಾಲ ಎಂಬ ಮಾಲೀಕರು ಸಿಕ್ಕರು. ಅವರ ತಾಯಿ ನಮ್ಮ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತಿತ್ತು.

"ತಂಗೀ, ಆಯೇರಿ ಮಾಲಂದ್ರ ಆಯೇರಿ ಮಾಲ. ಉದ್ದ ಕಮ್ಮಿ, ದಾರ ಕಮ್ಮಿ, ರೇಟ್ ಕಮ್ಮಿ. ತೊಡೂ ಅರಿವಿ ಯಾರರೆ ಆಯೇರಿ ಮಾಡ್ತಾರೇನು?" ಎಂದರು ಧನಪಾಲ.

"ಇಷ್ಟದಿನ ಮಾಡಿಲ್ರಿ. ನಾ ಮಾಡಸ್ತೀನಿ. ಪೂರಾ ಮೀಟರ್ ಬೇಕು, ಬಣ್ಣ ಬಿಡಬಾರದು, ಅಂಚಿಗೆ ಒಂದ ಕೆಂಪ ದಾರ ಓಡಬೇಕು."

"ಕೆಂಪ ದಾರ ಯಾತಕ್ಕ?"

"ನಾವು ಕುರಿ ಬೆನ್ನಿಗೆ ಬಣ್ಣ ಯಾತಕ್ಕ ಹಚ್ಚತೇವ್ರಿ? ಮಂದಿ ಹಿಂಡಿನ್ಯಾಗ ಹೊಕ್ರ ಗುರ್ತ ಸಿಗಬೇಕಂತ. ನನ್ನ ಖಣ ಎಲ್ಲಿ ಹೋಗೇತಿ, ಮೈಮ್ಯಾಲೆ ಐತೋ ಟ್ರಂಕಿನ್ಯಾಗ ಐತೋ, ನನಗ ಗೊತ್ತಾಗಬೇಕು."

ಧನಪಾಲರು ಹೊಟ್ಟೆ ಹಿಡಿದು ನಕ್ಕರು. "ಬರಂ ಬರಂ" ಎಂದು ಮರಾಠಿಯಲ್ಲಿ ಒಪ್ಪಿ ತಲೆಯಾಡಿಸಿ ಮಗ್ಗಕ್ಕೆ ದಾರ ಏರಿಸಿದರು. ಮಗ್ಗದಿಂದ ಇಳಿದ ಮೊದಲ ಬಟ್ಟೆಯ ಥಾನು ಬದನೆಕಾಯಿ ಬಣ್ಣದ್ದು. ಮೊದಲ ಖಣವನ್ನು ಉಜ್ವಲಾ ಅತ್ತೆಯ ಕೈಗೇ ಕೊಟ್ಟಳು. ಸಾವಿತ್ರೆವ್ವ ಕಣ್ಣಿಗೊತ್ತಿಕೊಂಡು, "ಶ್ರಾವಣ ಬರ್ಲಿ ಬೇ, ಆಮ್ಯಾಲೆ ಹೊಲಿವಂತಿ" ಎಂದಳು. ಅಂಗಡಿಗೆ ಬೋರ್ಡು ಬಂತು: "ಉಜ್ವಲಾ ಖಣ ಭಂಡಾರ. ಕೊಟ್ಟವರಿಗೆ ಮಾನ, ತೊಟ್ಟವರಿಗೆ ಮಾನ." ಅದನ್ನು ಗೋಡೆಗೆ ಹೊಡೆದವನು ನಾನೇ. ಆ ಗಡಿಬಿಡಿಯಲ್ಲಿ ಶ್ರಾವಣ ಬಂದದ್ದೂ ಹೋದದ್ದೂ ಅವಳಿಗೆ ನೆನಪಿಲ್ಲ.

ಮೊದಮೊದಲು ಜನ ಬಂದು ಮುಟ್ಟಿ ನೋಡಿ, ಬೆಲೆ ಕೇಳಿ, "ಕೊಡೂದಕ್ಕ ಇಷ್ಟ್ಯಾಕವಾ?" ಎಂದು ಎದ್ದುಹೋಗುತ್ತಿದ್ದರು. ಆಗ ಬಂದ ನೋಡಿ ಐಗಳಿಯ ಮುರಗೆಪ್ಪ! ದ್ರಾಕ್ಷಿ ತೋಟ, ಕಬ್ಬು, ಒಣದ್ರಾಕ್ಷಿಯ ಶೆಡ್ಡು, ಎಲ್ಲ ಉಂಟು. ಮಗಳು ರೂಪಾಲಿಯ ಮದುವೆಗೆ ಮೈಕು ಹೇಳಲು ನನ್ನ ಬಳಿ ಬಂದಿದ್ದ. ನಾನೇ ಅವನನ್ನು ಪಕ್ಕದ ಅಂಗಡಿಗೆ ತಳ್ಳಿದೆ. ಅವನಿಗೆ ಒಂದೇ ಆಸೆ, ಜನ ಮಾತಾಡಬೇಕು. ಖಣ ಬಿಚ್ಚಿ, ಎರಡೂ ಕೈಯಲ್ಲಿ ಎಳೆದು, ಬೆಳಕಿಗೆ ಹಿಡಿದು ನೋಡಿದ.

"ಆಚೀಕಡಿ ಮಂದಿ ಕಾಣೂದಿಲ್ಲಲ್ಲೋ ಇದರಾಗ! ಇದನ್ನ ಕೊಟ್ರ ಮಂದಿ ನೆನಸತಾರ. ಬಂದ ಹೆಂಗಸರಿಗೆಲ್ಲಾ ಇದ ಆಗಲಿ" ಎಂದುಬಿಟ್ಟ.

ರೂಪಾಲಿಯ ಮದುವೆ ಎಂದರೆ ಏನು ಮದುವೆ! ಹಂದರದ ತುಂಬ ಜನ, ಬುಟ್ಟಿ ಬುಟ್ಟಿ ಖಣ, ಬದನೆಕಾಯಿ ಬಣ್ಣ, ಗಿಳಿಹಸಿರು, ಅರಿಶಿಣ. ನಾನು ಹೆಸರು ಕೂಗುತ್ತಿದ್ದೆ. ಉಜ್ವಲಾ ಒಂದು ಮೂಲೆಯಲ್ಲಿ ನಿಂತು ನೋಡುತ್ತಿದ್ದಳು. ಹೆಂಗಸರು ಖಣ ಇಸಿದುಕೊಂಡು, ಬಿಚ್ಚದೆ, ಹಾಗೇ ಚೀಲಕ್ಕೆ ಹಾಕಿಕೊಳ್ಳುವುದನ್ನು ಕಂಡಳೋ ಇಲ್ಲವೋ, ಓಡಿ ಬಂದು ನನ್ನ ಕೈಯಿಂದ ಮೈಕು ಕಸಿದಳು.

"ಯವ್ವಾರ, ಅಕ್ಕಾರ, ಇಲ್ಲಿ ಕೇಳ್ರಿ! ಇದು ಟ್ರಂಕಿನ್ಯಾಗ ಇಡೂ ಖಣ ಅಲ್ಲ. ಪೂರಾ ಮೀಟರ್ ಐತಿ, ಬಣ್ಣ ಬಿಡೂದಿಲ್ಲ, ಎಂಥಾ ಮೈಗೂ ಸಾಲತೈತಿ. ಹೊಲಿಸ್ಕೋರಿ, ತೊಡ್ರಿ! ಈ ಕೆಂಪ ದಾರದ ಖಣ ಹೊಲಿಲಾರದಂಗ ತಿರಗಿ ನನ್ನ ಉಡಿಯಾಗ ಬಂದ ಬಿತ್ತಂದ್ರ, ಅವತ್ತ ನಾ ಅಂಗಡಿ ಬೋರ್ಡ್ ಇಳಸ್ತೀನಿ, ಇಲ್ಲೇ ಹೇಳೇನಿ!"

ಸೀಟಿ, ಚಪ್ಪಾಳೆ, ಕೇಕೆ! ಬ್ಯಾಂಡಿನವರು ಕೇಳದೆ ಒಂದು ಸಲ ಬಾರಿಸಿಯೂ ಬಿಟ್ಟರು. ನಾನು ಮಾತ್ರ ಎದೆ ಹಿಡಿದುಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಈ ಹುಡುಗಿಗೆ ಯಾರೂ ಹೇಳಿಕೊಟ್ಟಿಲ್ಲವೇ ಎನಿಸಿತು.

ಆಮೇಲೆ ವ್ಯಾಪಾರ ಹಿಡಿಯಿತು. ಹಿಡಿಯಿತು ಎಂದರೆ ಅಂತಿಂಥ ಹಿಡಿತವಲ್ಲ! ಅಥಣಿಯಿಂದ ಫೋನು, ನಿಪ್ಪಾಣಿಯಿಂದ ಫೋನು, ಮರಾಠಿಯಲ್ಲಿ ಕೇಳುವವರು, ಕನ್ನಡದಲ್ಲಿ ಕೇಳುವವರು. ಧನಪಾಲರು ನಮ್ಮ ಖಣಕ್ಕೆಂದೇ ಇನ್ನೊಂದು ಮಗ್ಗ ಬಿಟ್ಟುಕೊಟ್ಟರು. ಬಾಳೇಶ ಕುರಿ ಬಿಟ್ಟು ಬಂದು ಗಂಟು ಕಟ್ಟಿಕೊಟ್ಟು ಹೋಗುತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂರುತ್ತಿದ್ದರು. ಇವಳು? ಬಜಾರದಲ್ಲಿ ಹೆಂಗಸರ ಬೆನ್ನು ನೋಡುತ್ತ ತಿರುಗುತ್ತಿದ್ದಳು! ಸಂತೆಯಲ್ಲಿ ಕಾಯಿಪಲ್ಯೆ ಕೊಳ್ಳುವವರ ಬೆನ್ನು, ಬಸ್ಸು ಹತ್ತುವವರ ಬೆನ್ನು. ಬದನೆಕಾಯಿ ಬಣ್ಣ ಎಲ್ಲಾದರೂ ಇದೆಯೇ, ಗಿಳಿಹಸಿರು ಎಲ್ಲಾದರೂ ಇದೆಯೇ ಎಂದು. "ಹೆಂಗಸರನ್ನ ಹಿಂಗ ನೋಡಿದ್ರ ನನಗ ಹೊಡತ ಬೀಳತಾವ, ನಿನಗ ಬಿಡ್ತಾರ ನೋಡು" ಎಂದು ಕಾಡಿಸಿದೆ. ನಗಲಿಲ್ಲ.

"ಮಾಲು ಹೋಗಾಕತ್ತೈತಿ ಅಣ್ಣಾ, ಕುಬಸ ಕಾಣವಲ್ತು" ಎಂದಳು.

ಹಾಗೇ ವರ್ಷ ತಿರುಗುತ್ತ ಬಂತು. ರಾಯಬಾಗದಲ್ಲಿ ಅವಳ ತವರಿನ ಕಡೆಯವರೊಬ್ಬರು ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡಿದ್ದರು. ಮೈಕು ನನ್ನದು, ಉಜ್ವಲಾಳನ್ನೂ ಕರೆದಿದ್ದರು. ಊಟ ಮುಗಿದ ಮೇಲೆ ಮನೆಯೊಡತಿ ಅವಳನ್ನು ಮಣೆಯ ಮೇಲೆ ಕೂರಿಸಿ, ಅರಿಶಿಣ ಕುಂಕುಮ ಹಚ್ಚಿ ಉಡಿ ತುಂಬಿದಳು. ಅಕ್ಕಿ ಬಿತ್ತು, ಕಾಯಿ ಬಿತ್ತು, ಎಲೆ ಅಡಿಕೆ ಬಿತ್ತು. ಕೊನೆಗೆ ಖಣ. ಗಿಳಿಹಸಿರು. ಮಗ್ಗದಿಂದ ಬಂದ ಮಡಿಕೆ ಮುರಿದಿರಲಿಲ್ಲ, ಅಂಚಿನಲ್ಲಿ ಕೆಂಪು ದಾರ.

ಉಜ್ವಲಾಳ ಬಾಯಿ ಮುಚ್ಚಿದ್ದನ್ನು ನಾನು ಮೊದಲ ಸಲ ನೋಡಿದೆ. ಆ ಕೆಂಪು ದಾರದ ಮೇಲೆ ಬೆರಳು ಎಳೆದು ಕೇಳಿದಳು, "ಅಕ್ಕಾ, ಇದನ್ನ ಯಾಕ ಹೊಲಿಸ್ಕೊಳ್ಳಲಿಲ್ಲ? ಬಣ್ಣ ಹಿಡಸಲಿಲ್ಲೇನು?"

"ಅಯ್ಯ ನಮ್ಮವ್ವಾ, ಹಿಡಸಲಾರದ ಏನ! ಇಂಥಾ ಚಲೋ ಖಣ ನಾ ತೊಟ್ಟ ಏನ ಮಾಡ್ಲಿ? ನಮ್ಮ ನಾದಿನಿ ಐಗಳಿ ಮದವಿಯಾಗಿಂದ ತಂದಿದ್ಲು, ನನಗ ಕೊಟ್ಲು. ಯಾರರೆ ಬೇಕಾದಾಕಿ ಬಂದ್ರ ಉಡಿಯಾಗ ಹಾಕಾಕ ಇರ್ಲೆಂತ ಎತ್ತಿಟ್ಟಿದ್ನಿ. ನೀ ಬಂದಿ. ನಿನಗಿಂತ ಬೇಕಾದಾಕಿ ಯಾರದಾರ?" ಎಂದು ಆ ಹೆಂಗಸು ಇವಳ ಗಲ್ಲ ಹಿಡಿದು ಮುದ್ದಿಟ್ಟಳು. ಅಷ್ಟು ಪ್ರೀತಿ ಮಾಡುವವರ ಮೇಲೆ ಸಿಟ್ಟಾಗುವುದಾದರೂ ಹೇಗೆ?

ಚಿಕ್ಕೋಡಿ ದಾಟುವ ತನಕ ಟೆಂಪೋದಲ್ಲಿ ಆ ಖಣವನ್ನು ತೊಡೆಯ ಮೇಲಿಟ್ಟುಕೊಂಡು ಅಂಚು ತೀಡುತ್ತ ಕುಳಿತಿದ್ದಳು. ಅಂಗಡಿಯ ಮುಂದೆ ಇಳಿದವಳೇ, "ಬೋರ್ಡ್ ಇಳಸ ಜ್ಞಾನದೇವಣ್ಣ" ಎಂದಳು.

"ಹುಚ್ಚಿ, ಯಾರಿಗ್ಗೊತ್ತೈತಿ? ನೋಡಿದಾಂವ ನಾನೊಬ್ಬ. ನಾ ಬಾಯಿ ಬಿಡೂದಿಲ್ಲ."

"ನಿನಗ ಬಾಯಿ ಮುಚ್ಚಾಕ ಬರತೈತೇನ? ಇಡೀ ಹಂದರಕ್ಕ ಕೇಳೂವಂಗ ಹೇಳೇನಿ. ಇಳಸು."

ಇಳಿಸಿದೆ. ಹೊಡೆದವನೇ ಕಿತ್ತೆ. ಹಲ್ಲು ಕಿತ್ತಂತೆ ಗೋಡೆಯಲ್ಲಿ ಮೊಳೆಯ ತೂತು ಉಳಿಯಿತು. ನನಗೆ ಅಳು ಬಂತು, ಹೇಳಲು ನಾಚಿಕೆಯೇನು? ಬೋರ್ಡನ್ನು ಗೋಣಿಯಲ್ಲಿ ಸುತ್ತಿ ಟೆಂಪೋದ ಸೀಟಿನ ಹಿಂದೆ ಇಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಅವಳು ಬಂದಾಗ ಕಣ್ಣು ಊದಿಕೊಂಡಿದ್ದವು, ಆದರೆ ಗಂಟಲು ವಾಪಸು ಬಂದಿತ್ತು. ಹಿಂದಿನ ಸಂಜೆ ಸೊಸೆಯ ಮುಖ ನೋಡಲಾರದೆ ಸಾವಿತ್ರೆವ್ವ ಸಮಾಧಾನ ಮಾಡಲು ಹೋಗಿದ್ದಳಂತೆ. "ನಿನ್ನ ಖಣಕ್ಕ ಬೆಲಿ ಇಲ್ಲಂತ ಯಾರಂದ್ರ ಬೇ? ನಾ ಎಷ್ಟ ಬೆಲಿ ಕೊಟ್ಟೇನಿ ನೋಡ ಬಾ" ಎಂದು ಟ್ರಂಕು ತೆರೆದು ತೋರಿಸಿದಳಂತೆ. ಎಲ್ಲಕ್ಕಿಂತ ಮೇಲೆ ಬದನೆಕಾಯಿ ಬಣ್ಣದ ಆ ಮೊದಲ ಖಣ, ಹುಳ ತಿನ್ನದಿರಲೆಂದು ನಾಲ್ಕು ಮೂಲೆಗೆ ಡಾಂಬರ ಗುಳಿಗೆ. ದೊಡ್ಡವರ ಮನೆಯ ಮದುವೆಗೆ ಯಾರಾದರೂ ಕರೆದರೆ ಮದುಮಗಳ ಉಡಿಗೆ ಹಾಕಲು ಎತ್ತಿಟ್ಟದ್ದು. ಮೈಮೇಲೆ ಅದೇ ತೇಪೆಯ ಕುಬಸ.

"ನಾ ತಪ್ಪ ತಿಳದಿದ್ನಿ ಅಣ್ಣಾ!" ಉಜ್ವಲಾ ಮೇಜು ಗುದ್ದಿದಳು. "ಖಣ ಕೆಟ್ಟ ಅದಾವ, ಅದಕ್ಕ ತಿರಗತಾವ ಅಂತ ತಿಳದಿದ್ನಿ. ಕೆಟ್ಟದ್ದು ಕೆಟ್ಟ ಐತಂತ ಕೊಡ್ತಾರ. ಚಲೋದು ಚಲೋ ಐತಂತ ಕೊಡ್ತಾರ! ಇದು ನನಗಿರ್ಲಿ ಅನ್ನಾಕ ಒಬ್ಬಾಕಿಗೂ ಬಾಯಿ ಬರೂದಿಲ್ಲ. ನಾ ಅರಿವಿ ಸುಧಾರಿಸಿದ್ನಿ, ಆಕಿ ಮನಸ ಅಲ್ಲೇ ಉಳೀತು."

"ಮನಸ ಯಾವ ಮಗ್ಗದಾಗ ನೇಯಸ್ತಿ?" ಎಂದೆ ನಾನು.

ಅವಳ ಕೈ ಮೇಜಿನ ಮೇಲಿದ್ದ ಯಾರದೋ ಬಟ್ಟೆಗೆ ಕತ್ತರಿ ಹಾಕುತ್ತಿತ್ತು. ಅರ್ಧಕ್ಕೆ ನಿಂತಿತು. ಕತ್ತರಿ ನೋಡಿದಳು, ಬಟ್ಟೆ ನೋಡಿದಳು, ನನ್ನ ಮುಖ ನೋಡಿದಳು.

"ಅಣ್ಣಾ, ಕತ್ತರಿ ಬಿದ್ದದ್ದನ್ನ ಯಾರರೆ ಆಯೇರಿ ಮಾಡ್ತಾರೇನು?"

ನಾನು ಕುರ್ಚಿಯಿಂದ ಜಿಗಿದೆ! ಎಲಾ ಇವಳ! ಅಳತೆ ತೆಗೆದು ಬೆನ್ನು, ತೋಳು ಎಂದು ಕತ್ತರಿಸಿ ಕೈಗೆ ಕೊಟ್ಟರೆ ಅದನ್ನು ಇನ್ನೊಬ್ಬಳ ಉಡಿಗೆ ಹಾಕಲು ಯಾವ ದೇವರು ಬಂದರೂ ಆಗುವುದಿಲ್ಲ. ಹೊಲಿಯುವವರು ಊರೂರಲ್ಲಿದ್ದಾರೆ. ಕತ್ತರಿ ಬಿದ್ದರೆ ಸಾಕು, ಖಣದ ತಿರುಗಾಟ ಮುಗಿಯಿತು.

ದೈವ ನೋಡಿ, ಅದೇ ವಾರ ಮುರಗೆಪ್ಪ ಬಂದ. ಮಗ ಅಮಿತನ ಮದುವೆ ಗೊತ್ತಾಗಿತ್ತು. "ಹ್ವಾದ ಸಲ ಕೊಟ್ಟ ಖಣ ಮಂದಿ ಇನ್ನೂ ಎತ್ತಿಟ್ಟಾರವಾ, ಅಷ್ಟ ಹೆಸರಾತು! ಈ ಸಲಾನೂ ಅದ ಆಗಲಿ" ಎಂದ. ಎತ್ತಿಟ್ಟಾರ ಎಂಬ ಮಾತು ಕೇಳಿ ಉಜ್ವಲಾ ಹಲ್ಲು ಕಡಿದಳು.

"ಖಣ ಕೊಡೂದಿಲ್ಲ ಕಾಕಾ. ಹಂದರದಾಗ ಕತ್ತರಸಿ ಕೊಡ್ತೀನಿ. ಬೇಕಂದ್ರ ಹೇಳ್ರಿ, ಇಲ್ಲಂದ್ರ ಬ್ಯಾರೆ ಅಂಗಡಿ ನೋಡ್ರಿ" ಎಂದಳು. ಅಷ್ಟು ದೊಡ್ಡ ಗಿರಾಕಿಗೆ ಹೀಗೆ ಹೇಳುವ ಎದೆ ಯಾರಿಗುಂಟು? ಬೋರ್ಡು ಇಳಿಸಿ ಬರೀ ಖಣ ಮಾರುವುದನ್ನು ಬಿಟ್ಟಿದ್ದಳು, ಅವನು ಎದ್ದು ನಡೆದಿದ್ದರೆ ಅವಳ ಕೈಯಲ್ಲಿ ಮಷೀನು ಬಿಟ್ಟರೆ ಏನೂ ಉಳಿಯುತ್ತಿರಲಿಲ್ಲ.

ಮುರಗೆಪ್ಪ ತೊಡೆ ತಟ್ಟಿಕೊಂಡ. "ಯಾರೂ ಮಾಡಿಲ್ಲಲ್ಲೋ ಇದನ್ನ! ಮಾಡೇ ಬಿಡೂನು!"

ಮದುವೆಯ ಹಿಂದಿನ ದಿನ, ಅರಿಶಿಣ ಹಚ್ಚುವ ಹೊತ್ತಿಗೆ ನಾವು ಐಗಳಿ ಮುಟ್ಟಿದೆವು. ನನ್ನ ಟೆಂಪೋದಲ್ಲಿ ಒಂದು ಕಡೆ ಸ್ಪೀಕರು, ಇನ್ನೊಂದು ಕಡೆ, ಅಲ್ಲೇ ಹೊಲಿಸಿಕೊಳ್ಳುವವರಿಗೆಂದು ಹೊಲಿಗೆ ಮಷೀನುಗಳು. ಸದಲಗಾದ ಹೊಲಿಗೆ ಹೆಂಗಸರೆಲ್ಲ ಬಂದಿದ್ದರು. ಸಾವಿತ್ರೆವ್ವನನ್ನೂ ಮುರಗೆಪ್ಪ ಕರೆದಿದ್ದ, ಅವಳು ಮಡಿಲಲ್ಲಿ ಕೈಚೀಲ ಹಿಡಿದು ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ಬೋರ್ಡು ಇನ್ನೂ ಅವಳ ಬೆನ್ನ ಹಿಂದೇ ಇತ್ತು, ನಾನು ಹೇಳಿರಲಿಲ್ಲ. ಹಂದರದ ಬದಿಗೆ ಮೇಜು ಹಾಕಿ, ಮಷೀನು ಸಾಲಾಗಿ ಇಟ್ಟು, ಉಜ್ವಲಾ ಕತ್ತರಿ ಎತ್ತಿದಳು.

"ಏ! ನಿಲ್ಲಸ್ರಿ!"

ಕಾಳವ್ವ. ಮುರಗೆಪ್ಪನ ಹೆಂಡತಿ, ಮದುಮಗನ ತಾಯಿ. ಆ ಮನೆಯಲ್ಲಿ ಮುರಗೆಪ್ಪನ ಮಾತು ಅಂಗಳದ ತನಕ, ಕಾಳವ್ವನ ಮಾತು ಮಾಳಿಗೆಯ ತನಕ.

"ಏನ್ ನಡಸೀರಿ? ಹಂದರದಾಗ ಕತ್ತರಿ? ಎರಡು ಜೀವ ಕೂಡಸೂ ಮನ್ಯಾಗ ಕತ್ತರಸೂ ಮಾತೇನ? ಅಪಶಕುನ! ಒಂದ ಖಣಕ್ಕ ಕತ್ತರಿ ಬೀಳಬಾರದು. ಹಂಗ ಹಂಚ್ರಿ, ಇಲ್ಲಂದ್ರ ಗಂಟ ಕಟ್ಕೊಂಡ ನಡೀರಿ."

ಮುರಗೆಪ್ಪ ಟೋಪಿ ಸರಿಮಾಡಿಕೊಂಡು, ಸಾರು ಕುದಿಯಿತೋ ಇಲ್ಲವೋ ನೋಡಬೇಕೆಂದು ಅಡುಗೆಯವರ ಕಡೆ ನಡೆದುಬಿಟ್ಟ. ಗಂಡಸು ನೋಡಿ! ಉಜ್ವಲಾಳ ಮುಖ ಕೆಂಪಗಾಯಿತು. ಇನ್ನೇನು ಬಾಯಿ ಬಿಟ್ಟಳು, ಎಲ್ಲ ಕೆಟ್ಟಿತು ಎಂದು ನಾನು ಮೈಕಿನ ಗುಂಡಿಗೆ ಕೈ ಹಾಕಿದೆ. ಹಾಗೇ ಹಂಚಿದರೆ ಖಣಗಳು ಮತ್ತೆ ಟ್ರಂಕಿಗೆ. ಕಟ್ಟಿಕೊಂಡು ಹೋದರೆ ಇನ್ನು ಯಾವ ಹಂದರದವರೂ ಕರೆಯುವುದಿಲ್ಲ. ಯಾವ ದಾರಿ ಹಿಡಿದರೂ ಅವಳ ಧಂದೆ ಅಲ್ಲಿಗೆ ಮುಗಿಯುತ್ತಿತ್ತು.

ಆಗ ಸಾವಿತ್ರೆವ್ವ ಎದ್ದಳು. ದೊಡ್ಡವರ ಮನೆಯಲ್ಲಿ ನೀರು ಕೇಳಲೂ ನಾಚುವವಳು, ಸೆರಗು ಬಿಗಿಮಾಡಿಕೊಂಡು ಕಾಳವ್ವನ ಮುಂದೆ ಬಂದು ನಿಂತಳು.

"ಸಿಟ್ಟಾಗಬ್ಯಾಡ್ರಿ ಅವ್ವಾರ. ನಾವು ಕುರಿ ಮಂದಿ. ನಮ್ಮ ಮನ್ಯಾಗ ಕತ್ತರಿ ಅಂದ್ರ ಲಕ್ಷ್ಮಿ. ಉಣ್ಣೆ ಕತ್ತರಸೂ ದಿನ ಕತ್ತರಿಗಿ ಅರಿಶಿಣ ಕುಂಕುಮ ಹಚ್ಚಿ, ಕಾಯಿ ಒಡದು, ಆಮ್ಯಾಲೆ ಕುರಿಗಿ ಕೈ ಹಚ್ಚತೇವಿ. ಕತ್ತರಿ ಹಾಕಿದ ಮ್ಯಾಲೆ ಕಂಬಳಿ ಆಗತೈತ್ರಿ." ಮದುಮಗನನ್ನು ಕೂರಿಸಲು ಹಾಸಿದ್ದ ಕಂಬಳಿಯನ್ನು ಬೆರಳು ಮಾಡಿ ತೋರಿಸಿದಳು. "ಅದ ಕಂಬಳಿ ಮ್ಯಾಲೇನ ನಿಮ್ಮ ಮಗನ್ನ ಕುಂಡ್ರಸೀರಿ. ಅದು ಮಂಗಳ ಆದ್ರ ಕತ್ತರೀನೂ ಮಂಗಳ ಅಲ್ಲೇನ್ರಿ?"

ಅಬಬಬ! ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿ, "ಖರೇ ಐತ್ರಿ ಕಾಳವ್ವಾ, ಆಕಿ ಅನ್ನೂದು ಖರೇ ಐತಿ" ಎಂದರು. ಕಾಳವ್ವ ಕಂಬಳಿ ನೋಡಿದಳು, ಕತ್ತರಿ ನೋಡಿದಳು. ಸೋತವಳ ಮುಖವಲ್ಲ ಅದು, ಕಣ್ಣಲ್ಲಿ ಏನೋ ಹೊಳೆಯಿತು.

"ಚಲೋ ಆತು. ಹಂಗಾದ್ರ ಮೊದಲ ನಿನ್ನ ಖಣಕ್ಕ ಬೀಳಲಿ ಕತ್ತರಿ. ಕೆಟ್ಟ ಆದ್ರ ನಿನಗಾಗಲಿ, ಚಲೋ ಆದ್ರ ಎಲ್ಲಾರಿಗೂ ಆಗಲಿ. ಕೈಚೀಲದಾಗ ಏನ್ ಹಿಡದಿ ಅಷ್ಟ ಗಟ್ಟಿ?"

ಸಾವಿತ್ರೆವ್ವ ಚೀಲವನ್ನು ಎದೆಗೆ ಅವಚಿಕೊಂಡಳು. "ಇದು... ಇದು ಮದಮಗಳ ಉಡಿಗ್ರಿ! ಇದನ್ನ ಅಲ್ರಿ!"

"ನನ್ನ ಸೊಸಿಗೆ ಖಣಕ್ಕೇನ ಬರಾ ಬಂದೈತಿ? ತಗೀ ಹೊರಗ!" ಹಂದರವೆಲ್ಲ ಗೊಳ್ಳೆಂದು ನಕ್ಕಿತು.

ಚೀಲದಿಂದ ಬಂತು ಬದನೆಕಾಯಿ ಬಣ್ಣದ ಮೊದಲ ಖಣ, ಜೊತೆಗೆ ಡಾಂಬರ ಗುಳಿಗೆಯ ವಾಸನೆ. ಉಜ್ವಲಾ ಅದನ್ನು ಮೇಜಿನ ಮೇಲೆ ಹಾಸಿದಳು. ಕಾಳವ್ವ ತಾನೇ ಅರಿಶಿಣದ ಬಟ್ಟಲು ಹಿಡಿದಳು, ಉಜ್ವಲಾ ಕತ್ತರಿಯ ಎರಡೂ ಬಾಯಿಗೆ ಅರಿಶಿಣ ಹಚ್ಚಿ ಕುಂಕುಮ ಇಟ್ಟಳು. ಅಳತೆಯ ಟೇಪು ಮೈಗೆ ತಾಗಿದ್ದೇ ಸಾವಿತ್ರೆವ್ವ ಕಚಗುಳಿಯಾದಂತೆ ಕುಗ್ಗಿ ನಕ್ಕಳು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ! ಈಗ ಅತ್ತಿ ಸೊಸಿ ಕೈಯಾಗ ಸಿಕ್ಲು ನೋಡ್ರಿ!" ಎಂದು ನಾನು ಮೈಕಿನಲ್ಲಿ ಕೂಗಿ, ಓಡಿಹೋಗಿ ಮೈಕನ್ನು ಕತ್ತರಿಯ ಬಾಯಿಗೇ ಹಿಡಿದೆ. ಕರ್ರ್, ಕರ್ರ್. ಇಡೀ ಐಗಳಿಗೆ ಕೇಳಿತು. ಬೆನ್ನಿನ ಭಾಗ ಬೇರೆಯಾಗಿ ಮೇಜಿನ ಮೇಲೆ ಬಿತ್ತು.

ಸಾವಿತ್ರೆವ್ವ ಆ ತುಂಡನ್ನು ಮುಟ್ಟಿ ನೋಡಿದಳು. ಮೈಕು ಅಲ್ಲೇ ಇದ್ದದ್ದು ಅವಳಿಗೆ ಮರೆತಿತ್ತು.

"ಇನ್ನ ಇದನ್ನ ಯಾರಿಗೂ ಕೊಡಾಕ ಬರೂದಿಲ್ಲಲ್ಲ ಬೇ?"

"ಬರೂದಿಲ್ಲ ಅತ್ತೀ" ಎಂದಳು ಉಜ್ವಲಾ. ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದಳು. "ಇದು ನಿಮ್ದ."

ಸಾವಿತ್ರೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಇನ್ನೂ ಕತ್ತರಿ ಬೀಳದ ಉಳಿದ ಬಟ್ಟೆಯ ಮೇಲೆ ಕೈಯಾಡಿಸಿದಳು.

"ಹಂಗಾದ್ರ ತೋಳು ಒಂದೀಟ ಉದ್ದ ಇಡ" ಎಂದಳು.

ಕಾಳವ್ವ ಎರಡೂ ಕೈ ಎತ್ತಿ, "ಮುಂದಿನ ಅಳತಿ ನಂದ! ಸರೀರಿ ಎಲ್ಲಾರೂ!" ಎಂದು ನುಗ್ಗಿದಳು. ಹಿಂದೆ ಹೆಂಗಸರ ಸಾಲು ಅಡುಗೆ ಮನೆಯ ತನಕ ಬೆಳೆಯಿತು. ನಾನು ಮೈಕನ್ನು ಅಲ್ಲೇ ಮೇಜಿನ ಮೇಲಿಟ್ಟು, ಸೀಟಿನ ಹಿಂದಿನ ಬೋರ್ಡು ತರಲು ಟೆಂಪೋದ ಕಡೆ ಓಡಿದೆ.